ನೆರೆಮನೆಯ ಖಾಲಿ ಪಾತ್ರೆಗಳು



ರಾತ್ರಿ ಒಂಬತ್ತು ಗಂಟೆ. ಅಂಗಡಿಯ ಬಾಗಿಲೆಳೆದು ಮನೆಗೆ ಬಂದ ಯಜಮಾನ ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ. "ಇವತ್ತು ವ್ಯಾಪಾರ ಹೇಗಿತ್ತು ರೀ?" ಎಂದು ಮಡದಿ ಕೇಳುತ್ತಾಳೆ. "ಪರವಾಗಿಲ್ಲ" ಎಂದಷ್ಟೇ ಉತ್ತರ. ಆ ಒಂದು ಮಾತಿನ ಹಿಂದೆ ಮೂರು ತಿಂಗಳ ಬಾಡಿಗೆ ಬಾಕಿ ಇದೆ, ಸರಕು ಕೊಟ್ಟವರ ತಗಾದೆ ಇದೆ, ಬಡ್ಡಿಗೆ ತಂದ ಹಣವಿದೆ. ಮಡದಿಗೆ ಇದಾವುದೂ ತಿಳಿಯದು. ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರ ಮಾಡುವಾಗಲೂ ಆತನ ಮನಸ್ಸು ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ನಮ್ಮ ಕುಟುಂಬಗಳಲ್ಲಿ ಇಂಥ ರಾತ್ರಿಗಳು ಅಪರೂಪವೇನಲ್ಲ.

ಇಂಥದೇ ಒಂದು ಮನೆಯ ವೃತ್ತಾಂತ ಹಳೆಯ ಒಡಂಬಡಿಕೆಯಲ್ಲಿದೆ. ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿ. ಗಂಡ ತೀರಿಕೊಂಡಿದ್ದಾನೆ, ಸಾಲ ಮಾತ್ರ ತೀರಿಲ್ಲ. ಸಾಲ ಕೊಟ್ಟವನು ವಿಧವೆಯ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಆಕೆ ಪ್ರವಾದಿ ಎಲೀಷನ ಬಳಿ ತನ್ನ ಗೋಳನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾಳೆ. ಪ್ರವಾದಿ ವಿಚಾರಿಸುವುದು ಕಳೆದುಹೋದುದನ್ನಲ್ಲ, ಮನೆಯಲ್ಲಿ ಉಳಿದಿರುವುದನ್ನು. ಒಂದು ಕುಡಿಕೆ ಎಣ್ಣೆ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ಕೇಳಿ ತರುವಂತೆ, ಅದೂ ಸಂಕೋಚಪಡದೆ ಬಹಳವಾಗಿ ತರುವಂತೆ, ಆತ ಹೇಳುತ್ತಾನೆ. ಮಕ್ಕಳು ಪಾತ್ರೆಗಳನ್ನು ಮುಂದಿಡುತ್ತಾರೆ, ತಾಯಿ ಸುರಿಯುತ್ತಾಳೆ. ಪಾತ್ರೆಗಳು ಮುಗಿಯುವವರೆಗೂ ಎಣ್ಣೆ ನಿಲ್ಲುವುದಿಲ್ಲ. ಆ ಎಣ್ಣೆಯನ್ನು ಮಾರಿ ಮೊದಲು ಸಾಲ ತೀರಿಸಬೇಕು, ಮಿಕ್ಕಿದ್ದರಲ್ಲಿ ಮಕ್ಕಳೊಂದಿಗೆ ಜೀವನ ಸಾಗಿಸಬೇಕು ಎಂಬುದೇ ಪ್ರವಾದಿಯ ಕೊನೆಯ ಬುದ್ಧಿಮಾತು.

ಈ ಭಾಗವನ್ನು ಧ್ಯಾನಿಸುವಾಗ ದೂರದೇಶದ ಒಂದು ಹಾಡಿನ ಅಂಗಡಿ ನನ್ನ ನೆನಪಿಗೆ ಬರುತ್ತದೆ. ಬ್ರಿಟನ್ನಿನ ವೇಲ್ಸ್ ನಾಡಿನ ಕಾರ್ಡಿಫ್ ನಗರದಲ್ಲಿ 1894ರಲ್ಲಿ ಹೆನ್ರಿ ಸ್ಪಿಲ್ಲರ್ ಎಂಬವರು ಅದನ್ನು ತೆರೆದರು. 'ಸ್ಪಿಲ್ಲರ್ಸ್ ರೆಕಾರ್ಡ್ಸ್' ಎಂದು ಅದರ ಹೆಸರು. ಜಗತ್ತಿನಲ್ಲೇ ಅತ್ಯಂತ ಹಳೆಯ ರೆಕಾರ್ಡ್ ಅಂಗಡಿ ಎಂಬ ಕೀರ್ತಿ ಅದಕ್ಕಿದೆ. ಮೊದಲು ಮೇಣದ ಉರುಳೆ, ಅರಗಿನ ತಟ್ಟೆ. ಆಮೇಲೆ ವಿನೈಲ್, ಕ್ಯಾಸೆಟ್, ಸಿ.ಡಿ. ಹೀಗೆ ಸರಕು ಬದಲಾದರೂ ಅಂಗಡಿ ಉಳಿಯಿತು. ಎರಡು ಮಹಾಯುದ್ಧಗಳನ್ನೂ ಅದು ದಾಟಿತು.

ಆದರೆ ಕಳೆದ ಶತಮಾನದ ಕೊನೆಗೆ ಬೇರೊಂದು ಬಗೆಯ ಕಷ್ಟ ಬಂತು. 1999ರಲ್ಲಿ ನ್ಯಾಪ್‌ಸ್ಟರ್ ಬಂದಿತು. ಜನ ಕಂಪ್ಯೂಟರಿನಲ್ಲೇ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳತೊಡಗಿದರು. 2003ರಲ್ಲಿ ಆಪಲ್ ಕಂಪನಿ ಒಂದೊಂದೇ ಹಾಡನ್ನು ಅಂತರ್ಜಾಲದಲ್ಲಿ ಮಾರತೊಡಗಿತು. ಅಮೆರಿಕದ ಟವರ್ ರೆಕಾರ್ಡ್ಸ್‌ನಂಥ ದೊಡ್ಡ ಸಂಸ್ಥೆಯೇ 2006ರಲ್ಲಿ ಅಲ್ಲಿನ ಮಳಿಗೆಗಳನ್ನು ಮುಚ್ಚಿತು. ದೊಡ್ಡವರ ಗತಿಯೇ ಹೀಗಾದರೆ ಚಿಕ್ಕವರ ಪಾಡೇನು? ಸಗಟಿನಲ್ಲಿ ದೊಡ್ಡವರಿಗೆ ಸಿಗುವ ರಿಯಾಯಿತಿ ಚಿಕ್ಕ ಅಂಗಡಿಗೆ ಸಿಗದು. ತರಿಸಿದ ತಟ್ಟೆ ಮಾರಾಟವಾಗದಿದ್ದರೆ ಎಷ್ಟೋ ವೇಳೆ ಹಿಂದಿರುಗಿಸುವಂತೆಯೂ ಇಲ್ಲ. ಕಪಾಟಿನಲ್ಲಿ ಕುಳಿತ ಒಂದೊಂದು ತಟ್ಟೆಯೂ ಸಿಕ್ಕಿಬಿದ್ದ ಹಣ. ಬಾಡಿಗೆಯ ದಿನ ಮಾತ್ರ ತಪ್ಪದೆ ಬರುತ್ತದೆ.

ಸ್ಪಿಲ್ಲರ್ಸ್ ಅಂಗಡಿಗೂ 2006ರಲ್ಲಿ ಬಾಡಿಗೆಯ ಸಂಕಟ ಎದುರಾಯಿತು. ಸುತ್ತಲಿನ ಪೇಟೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ನಡೆದಿತ್ತು. ಹಳೆಯ ಜಾಗದಲ್ಲಿ ಉಳಿಯುವುದು ಕಷ್ಟವಾಗುವಂತಿತ್ತು. ಆಗ ಸಂಗತಿ ನಾಲ್ಕು ಗೋಡೆಗಳ ನಡುವೆ ಉಳಿಯಲಿಲ್ಲ. ಊರಿನ ಜನ ಮನವಿಗೆ ಸಹಿ ಹಾಕಿದರು. ವೇಲ್ಸ್ ಶಾಸನಸಭೆಯ ಸದಸ್ಯರು ದನಿಗೂಡಿಸಿದರು. ಆ ನಾಡಿನವರೇ ಆದ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಎಂಬ ಹೆಸರಾಂತ ಗಾಯಕವೃಂದ ಬೆಂಬಲಕ್ಕೆ ನಿಂತಿತು. ನೆರೆಹೊರೆಯವರು ತಮ್ಮ ಪಾತ್ರೆಗಳನ್ನು ತಂದಿಟ್ಟರು ಎನ್ನೋಣವೇ?

ಆದರೂ ಹಳೆಯ ಜಾಗ ಕೊನೆಗೆ ಉಳಿಯಲಿಲ್ಲ. 2010ರಲ್ಲಿ ಅಂಗಡಿ ಅದೇ ನಗರದ ಮಾರ್ಗನ್ ಆರ್ಕೇಡ್ ಎಂಬ ಹಳೆಯ ಅಂಗಡಿಸಾಲಿಗೆ ಸ್ಥಳಾಂತರವಾಯಿತು. ದಶಕಗಳ ಕಾಲದ ವಿಳಾಸವನ್ನು ಬಿಟ್ಟುಕೊಟ್ಟು ಕಸುಬನ್ನು ಉಳಿಸಿಕೊಂಡಿತು. ಹೊಣೆ ತಂದೆಯ ಕೈಯಿಂದ ಮಗಳ ಕೈಗೆ ಬಂತು. ಇದರಲ್ಲಿ ನಮಗೊಂದು ಪಾಠವಿದೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕವನ್ನು ನಾವು ಪವಿತ್ರಾತ್ಮರಲ್ಲಿ ಬೇಡಿಕೊಳ್ಳಬೇಕು. ಎಷ್ಟೋ ಮಂದಿ ದೊಡ್ಡ ರಸ್ತೆಯ ಬೋರ್ಡನ್ನು ಉಳಿಸಿಕೊಳ್ಳಲು ಹೋಗಿ ಮನೆಯ ನೆಮ್ಮದಿಯನ್ನೇ ಅಡವಿಟ್ಟಿದ್ದಾರೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. 2007ರಲ್ಲಿ ಅಮೆರಿಕದ ಸಣ್ಣ ರೆಕಾರ್ಡ್ ಅಂಗಡಿಗಳವರು ಒಂದೆಡೆ ಸೇರಿ, ವರ್ಷಕ್ಕೊಂದು ದಿನ ಎಲ್ಲರೂ ಕೂಡಿ ಹಬ್ಬದಂತೆ ಆಚರಿಸೋಣ ಎಂದು ನಿಶ್ಚಯಿಸಿದರು. 2008ರ ಏಪ್ರಿಲ್ 19ರಂದು ಮೊದಲ 'ರೆಕಾರ್ಡ್ ಸ್ಟೋರ್ ಡೇ' ನಡೆಯಿತು. ಒಬ್ಬರಿಗೊಬ್ಬರು ಪೈಪೋಟಿಯವರು ಎಂದುಕೊಂಡಿದ್ದವರೇ ಒಬ್ಬರಿಗೊಬ್ಬರು ನೆರೆಯವರಾದರು. ಆ ದಿನಕ್ಕಾಗಿಯೇ ವಿಶೇಷ ತಟ್ಟೆಗಳು ಹೊರಬರುತ್ತವೆ. ಕೊಳ್ಳಲು ಜನ ಬೆಳಗಿನಿಂದಲೇ ಸಾಲು ನಿಲ್ಲುತ್ತಾರೆ. 2020ರ ಮಹಾಮಾರಿಯ ಕಾಲದಲ್ಲಿ ಒಂದೇ ದಿನ ಜನ ಸೇರದಿರಲೆಂದು ಅದನ್ನು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ಗಳ ಮೂರು ದಿನಗಳಿಗೆ ಹಂಚಿದರು. ಸತ್ತೇಹೋಯಿತು ಎಂದುಕೊಂಡಿದ್ದ ವಿನೈಲ್ ತಟ್ಟೆ, 1987ರ ನಂತರ ಮೊದಲ ಬಾರಿಗೆ, 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಮನುಷ್ಯರು ಮುಗಿಯಿತೆಂದು ಬರೆದಿಟ್ಟದ್ದೆಲ್ಲ ಮುಗಿದಿರುವುದಿಲ್ಲ.

ಹಾಗೆಂದು ಪ್ರಾರ್ಥಿಸಿದ ಅಂಗಡಿಗಳೆಲ್ಲ ಉಳಿಯುತ್ತವೆ ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ನಮ್ಮ ದೇಶದಲ್ಲೇ ಮುಂಬಯಿಯ ಹೆಸರಾಂತ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ನಮ್ಮ ಪೇಟೆಗಳಲ್ಲಿ ಭಕ್ತಿಗೀತೆಗಳನ್ನೂ ಚಿತ್ರಗೀತೆಗಳನ್ನೂ ಕೇಳಿಸುತ್ತಿದ್ದ ಎಷ್ಟು ಕ್ಯಾಸೆಟ್ ಅಂಗಡಿಗಳು ಇಂದು ಉಳಿದಿವೆ? ಅಂಗಡಿ ಮುಚ್ಚುವುದು ದೇವರ ಶಾಪವಲ್ಲ, ಪಾಪದ ಶಿಕ್ಷೆಯೂ ಅಲ್ಲ. ಆ ವಿಧವೆಯ ಮನೆಯಲ್ಲಿ ದೇವರು ಉಳಿಸಿದ್ದು ವ್ಯಾಪಾರವನ್ನಲ್ಲ, ಇಬ್ಬರು ಮಕ್ಕಳನ್ನು. ಅಂಗಡಿ ಹೋದರೂ ಮನೆ ಉಳಿಯಬೇಕು. ಮನೆಯವರ ನಡುವಣ ನಂಬಿಕೆ ಉಳಿಯಬೇಕು.

ಆದುದರಿಂದ ವ್ಯಾಪಾರ ಮಾಡುವ ಸಹೋದರರೇ, ಇಂದೇ ರಾತ್ರಿ ಮಡದಿಯೊಡನೆ ಕುಳಿತು ಲೆಕ್ಕದ ಪುಸ್ತಕವನ್ನು ಬಿಡಿಸಿರಿ. ಮುಚ್ಚಿಟ್ಟ ಸಾಲ ಮುಚ್ಚಿಟ್ಟ ಹುಣ್ಣಿನಂತೆ; ಒಳಗೊಳಗೇ ಬಲಿಯುತ್ತದೆ. ಕೆಲಸದ ಹುಡುಗನ ಸಂಬಳವನ್ನು ಹಿಡಿದಿಡಬೇಡಿ. ಆತನಿಗೂ ಮನೆ ಇದೆ, ಅವನ ಕೂಗು ದೇವರಿಗೆ ಮುಟ್ಟುತ್ತದೆಂದು ಮೋಶೆಯ ಧರ್ಮಶಾಸ್ತ್ರವೇ ಎಚ್ಚರಿಸುತ್ತದೆ. ಒಂದು ಸಾಲ ತೀರಿಸಲು ಇನ್ನೂ ಹೆಚ್ಚು ಬಡ್ಡಿಯ ಮತ್ತೊಂದು ಸಾಲಕ್ಕೆ ಕೈಯೊಡ್ಡಬೇಡಿ. ಸಾಲ ಕೊಟ್ಟವರ ಕಣ್ಣು ತಪ್ಪಿಸಿ ತಿರುಗುವ ಬದಲು ಎದುರು ಹೋಗಿ ನಿಂತು, ಇಷ್ಟು ದಿನಕ್ಕೆ ಇಷ್ಟು ಕೊಡುತ್ತೇನೆ ಎಂದು ಹೇಳಿ, ಹೇಳಿದಂತೆ ನಡೆಯಿರಿ. ಅಂಗಡಿಯಲ್ಲಿ ಉಳಿದಿರುವ ಕುಡಿಕೆ ಎಣ್ಣೆ ಯಾವುದೆಂದು ಹುಡುಕಿರಿ. ಅದು ಕಸುಬಿನ ತಿಳಿವಳಿಕೆ ಇರಬಹುದು, ಗಿರಾಕಿಗಳ ಗುರುತು ಇರಬಹುದು, ಹತ್ತಾರು ವರ್ಷ ತೂಕದಲ್ಲಿ ಮೋಸ ಮಾಡದೆ ಗಳಿಸಿದ ಹೆಸರಿರಬಹುದು.

ಗಿರಾಕಿಗಳಾದ ನಮಗೂ ಆತ್ಮಶೋಧನೆ ಬೇಕು. ಅಂಗಡಿ ಮುಚ್ಚಿದ ಮೇಲೆ "ಛೆ, ಪಾಪ" ಎನ್ನುವುದು ಸುಲಭ. ಆದರೆ ಉದ್ರಿ ಬರೆಸಿ ಮರೆತವರು ನಾವೇ ಅಲ್ಲವೇ? ಅಂಗಡಿಯಲ್ಲಿ ಒಂದು ಗಂಟೆ ವಿಚಾರಿಸಿ, ಹೊರಗೆ ಬಂದು ಮೊಬೈಲಿನಲ್ಲಿ ಹತ್ತು ರೂಪಾಯಿ ಕಡಿಮೆಗೆ ತರಿಸಿಕೊಂಡವರು ನಾವೇ ಅಲ್ಲವೇ? ಜಗದ್ಗುರು ಹನ್ನೊಂದನೆಯ ಪಿಯುಸರು 1931ರ ತಮ್ಮ ವಿಶ್ವ ಪರಿಪತ್ರದಲ್ಲಿ, ಚಿಕ್ಕ ಸಮುದಾಯಗಳು ಮಾಡಬಲ್ಲ ಕೆಲಸವನ್ನು ದೊಡ್ಡವರು ಕಿತ್ತುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಆ ಬೋಧನೆಯನ್ನು ನಮ್ಮ ಬೀದಿಯಲ್ಲಿ ಪಾಲಿಸುವುದು ಕಷ್ಟವೇನಲ್ಲ. ಈ ವಾರವೇ ಹಳೆಯ ಬಾಕಿಯನ್ನು ಚುಕ್ತಾ ಮಾಡೋಣ. ಖಾಲಿ ಪಾತ್ರೆ ಕೊಡುವುದು ಬಡವನಿಗೂ ಸಾಧ್ಯ. ನೆರೆಯವರು ಇನ್ನಷ್ಟು ಪಾತ್ರೆಗಳನ್ನು ಕೊಟ್ಟಿದ್ದರೆ ಎಣ್ಣೆ ಇನ್ನಷ್ಟು ಹರಿಯುತ್ತಿತ್ತು ಎಂಬುದನ್ನು ಮರೆಯದಿರೋಣ.

ನಜರೇತಿನಲ್ಲಿ ಬಡಗಿಯ ಕಸುಬಿನಿಂದ ಪವಿತ್ರ ಕುಟುಂಬವನ್ನು ಸಾಕಿದ ಸಂತ ಜೋಸೆಫರೇ, ಅಂಗಡಿಯ ಬಾಗಿಲೆಳೆದು ಭಾರವಾದ ಮನಸ್ಸಿನಿಂದ ಮನೆಗೆ ಮರಳುವ ಪ್ರತಿಯೊಬ್ಬರಿಗಾಗಿ ಪ್ರಾರ್ಥಿಸಿರಿ. ಸತ್ಯವನ್ನು ಹೇಳುವ ಧೈರ್ಯ ಅವರಿಗೂ, ಕೇಳಿ ಕೈಹಿಡಿಯುವ ಪ್ರೀತಿ ನಮಗೂ ದೊರೆಯಲಿ. ಆಮೆನ್.