ಕೇಕೆ
ಇನ್ನೂ ಮಬ್ಬುಗತ್ತಲು. ಹೊಲದಾಚೆಯ ಹುಣಸೆಮರದಿಂದ ಮೊನಚಾದ ದನಿಯೊಂದು ಎದ್ದಿತು. ಪಕ್ಕದಲ್ಲಿ ಮಲಗಿದ್ದ ಮೊಮ್ಮಗಳು ಎಚ್ಚೆತ್ತು, “ಅಜ್ಜಾ, ಯಾರೋ ಅಳ್ತಿದಾರೆ” ಅಂದಳು. “ಅಳು ಅಲ್ಲ ಪುಟ್ಟಿ, ನವಿಲು ಕೇಗ್ತಿದೆ” ಅಂದೆ.

ಅವಳು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ.

ನವಿಲಿನ ಕೂಗಿಗೆ ಸಂಸ್ಕೃತದಲ್ಲಿ ‘ಕೇಕಾ’ ಎಂದು ಹೆಸರು. ಹಾಗೆ ಕೂಗುವುದರಿಂದಲೇ ನವಿಲು ‘ಕೇಕಿ’. ಕಿವಿಗೆ ಬಿದ್ದ ದನಿಯೇ ಶಬ್ದವಾಗಿ ನಿಂತದ್ದು. ಕನ್ನಡದಲ್ಲಿ ಅದು ಕೇಕೆಯಾಗಿ, ಹಕ್ಕಿಯ ಗಂಟಲಿನಿಂದ ಮಕ್ಕಳ ಗಂಟಲಿಗೂ ದಾಟಿತು. ಕೆರೆಗೆ ಧುಮುಕುವ ಹುಡುಗರು ಹಾಕುವುದು ಕೇಕೆ. ಅಷ್ಟೇ ಎತ್ತರದ ದನಿ ನೋವಿನಿಂದ ಹೊರಟರೆ ಅದು ಚೀತ್ಕಾರ, ಸಿಟ್ಟಿನಿಂದ ಹೊರಟರೆ ಕಿರುಚಾಟ. ಗೋಡೆಯಾಚೆಯಿಂದ ಕೇಳಿದರೆ ಮೂರೂ ಒಂದೇ ಅನ್ನಿಸಬಹುದು. ಕೂಗಿದವರ ಎದೆಯಲ್ಲಿ ಏನಿತ್ತೆಂದು ತಿಳಿಯದೆ ಅದಕ್ಕೊಂದು ಹೆಸರಿಡಲು ನಮ್ಮ ಭಾಷೆ ಬಿಡುವುದಿಲ್ಲ.

ಸಂಗೀತ ಬಲ್ಲ ಹಿರಿಯರ ಕಿವಿ ಇನ್ನೂ ದೊಡ್ಡದು. ಸಪ್ತಸ್ವರಗಳನ್ನು ಪ್ರಾಣಿಪಕ್ಷಿಗಳ ದನಿಗೆ ಹೊಂದಿಸುವಾಗ ಕೋಗಿಲೆಗೆ ಪಂಚಮ ಕೊಟ್ಟರು, ಆನೆಗೆ ನಿಷಾದ. ಎಲ್ಲ ಸ್ವರಗಳಿಗೂ ನೆಲೆಯಾದ ಷಡ್ಜವನ್ನು ಕೊಟ್ಟದ್ದು ನವಿಲಿಗೆ! ಕರ್ಕಶವೆಂದು ನಾವು ಕಿವಿ ಮುಚ್ಚಿಕೊಳ್ಳುವ ಈ ಕೂಗಿನಲ್ಲಿ ಅವರಿಗೆ ಆಧಾರಸ್ವರ ಕೇಳಿಸಿತ್ತು. ಎಷ್ಟು ಮುಂಜಾವು ಸುಮ್ಮನೆ ಕೂತು ಆಲಿಸಿದ್ದರೋ.

2020ರಲ್ಲಿ ಮಹಾಮಾರಿ ಬಂದಾಗ ಸುದ್ದಿಯ ತಲೆಬರಹಗಳಲ್ಲಿ ‘ಕೊರೊನಾ ರಣಕೇಕೆ’ ಎಂದು ಮತ್ತೆ ಮತ್ತೆ ಓದಿದೆವು. ಗೆದ್ದವರು ರಣರಂಗದಲ್ಲಿ ಕೇಕೆ ಹಾಕುವುದುಂಟು, ನಿಜ. ಆದರೂ ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ ರೋಗದ ಬಾಯಿಗೆ ಈ ಶಬ್ದವನ್ನು ಇಟ್ಟದ್ದು ನನಗೆ ಇಂದಿಗೂ ನೋಯುತ್ತದೆ. ಮಳೆಗಾಲದಲ್ಲಿ ಗಂಡುನವಿಲು ಹೆಣ್ಣನ್ನು ಕರೆಯುವ ಶಬ್ದ ಅದು. ಚಿರತೆಯ ಸುಳಿವು ಸಿಕ್ಕರೆ ಇದೇ ಹಕ್ಕಿ ಕೂಗಿ ಕಾಡಿಗೆಲ್ಲ ಎಚ್ಚರ ಹೇಳುತ್ತದೆ. ಎರಡರಲ್ಲೂ ಇನ್ನೊಂದು ಜೀವದ ನೆನಪಿದೆ.

ಬೆಳಕು ಹರಿಯಿತು. ಹುಣಸೆಮರದ ನವಿಲು ಮತ್ತೆ ಕೇಗಿತು. ಕೆರೆಯಾಚೆಯ ತೋಪಿನಿಂದ ಇನ್ನೊಂದು ಓಗೊಟ್ಟಿತು. ಮೊಮ್ಮಗಳು ಕಣ್ಣುಜ್ಜುತ್ತ ಅಂಗಳಕ್ಕೆ ಓಡಿ, ಎರಡೂ ಕೈ ಬಾಯಿಯ ಸುತ್ತ ಹಿಡಿದು, ತಾನೂ ಕೂಗಿದಳು.