ಕಂಡವನ ಹೊಣೆ

ಜಿಲ್ಲಾ ಕೇಂದ್ರವೊಂದರ ಪತ್ರಿಕಾ ಛಾಯಾಗ್ರಾಹಕನನ್ನು, ಅವನು ತೆಗೆದ ಚಿತ್ರದಿಂದ ನೊಂದವರು ಎದುರು ನಿಂತು ಪ್ರಶ್ನಿಸಿದಾಗ ಸಾಮಾನ್ಯವಾಗಿ ಬರುವ ಉತ್ತರವೆಂದರೆ, ಕಣ್ಣೆದುರು ನಡೆದದ್ದನ್ನು ತೆಗೆದದ್ದಷ್ಟೇ, ನಡೆಸಿದವನು ತಾನಲ್ಲ ಎಂಬುದು. ವೃತ್ತಿಯ ಸಮಜಾಯಿಷಿಯಂತೆ ಕಾಣುವ ಈ ಮಾತಿನೊಳಗೆ ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಪ್ರಶ್ನೆಯೊಂದು ಅಡಗಿದೆ: ಬರಿದೆ ನೋಡುವವನಿಗೆ ಕರ್ಮದ ಲೇಪ ಉಂಟೇ? ಅದ್ವೈತ ವೇದಾಂತ ಹೇಳುವ ಸಾಕ್ಷಿಗೆ ಯಾವ ಲೇಪವೂ ಇಲ್ಲ. ಧರ್ಮಶಾಸ್ತ್ರ ಹೇಳುವ ಸಾಕ್ಷಿಗಾದರೋ ಆಡಿದ ಮಾತಿಗೂ ಆಡದೆ ನುಂಗಿಕೊಂಡ ಮಾತಿಗೂ ಫಲವುಂಟು. ಛಾಯಾಗ್ರಾಹಕನು ತನ್ನ ಸಮರ್ಥನೆಗೆ ಮೊದಲನೆಯ ಸಾಕ್ಷಿಯನ್ನು ಆಶ್ರಯಿಸುತ್ತಾನಾದರೂ, ಅವನ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ ಅವನು ನಿಂತಿರುವುದು ಎರಡನೆಯ ಸಾಕ್ಷಿಯ ಕಟಕಟೆಯಲ್ಲಿ ಎಂಬುದು ತಿಳಿಯುತ್ತದೆ.

ಆ ದಿನಚರಿಯ ಬಹುಪಾಲು ದುರಂತಕ್ಕೆ ಸಂಬಂಧಿಸಿದ್ದಲ್ಲ. ಬೆಳಿಗ್ಗೆ ಪತ್ರಿಕಾ ಭವನದ ಸುದ್ದಿಗೋಷ್ಠಿ, ಹನ್ನೊಂದರ ಹೊತ್ತಿಗೆ ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿ ಮತ್ತು ಮನವಿ ಸಲ್ಲಿಕೆ, ಮಧ್ಯಾಹ್ನ ಯಾವುದೋ ಬಡಾವಣೆಯಲ್ಲಿ ರಸ್ತೆ ಕಾಮಗಾರಿಯ ಗುದ್ದಲಿ ಪೂಜೆ, ಸಂಜೆ ದೀಪ ಬೆಳಗಿಸುವ ಉದ್ಘಾಟನೆ, ಶಾಲು ಹಾರಗಳ ಸನ್ಮಾನ. ಕಾಲಕ್ಕೆ ತಕ್ಕಂತೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸಿಹಿ ತಿನ್ನಿಸಿಕೊಳ್ಳುವ ವಿದ್ಯಾರ್ಥಿನಿ, ಮಳೆಗಾಲದಲ್ಲಿ ಕೋಡಿ ಬಿದ್ದ ಕೆರೆ, ಬೆಲೆ ಕುಸಿದಾಗ ರಸ್ತೆಗೆ ಸುರಿದ ಟೊಮೆಟೊ, ಜಾತ್ರೆಯ ತೇರು. ಫಿಲ್ಮಿನ ಕಾಲದಲ್ಲಿ 36 ಚಿತ್ರಗಳ ರೀಲನ್ನು ತೊಳೆದು, ಪ್ರಿಂಟು ಹಾಕಿ, ಲಕೋಟೆಯಲ್ಲಿಟ್ಟು ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಒಪ್ಪಿಸುವುದೂ ಇದೇ ಕೆಲಸದ ಭಾಗವಾಗಿತ್ತು. ಈಗ ಆ ಲಕೋಟೆಯ ಜಾಗಕ್ಕೆ ವಾಟ್ಸ್‌ಆ್ಯಪ್ ಬಂದಿದೆ. ಸಣ್ಣ ಊರುಗಳಲ್ಲಿ ಈ ವೃತ್ತಿಯವರಲ್ಲಿ ಹಲವರಿಗೆ ಪೂರ್ಣ ಸಂಬಳವಿಲ್ಲದ ಕಾರಣ ಸ್ಟುಡಿಯೊ, ಮದುವೆ, ನಾಮಕರಣಗಳ ಆದಾಯ ಬೇಕೇ ಬೇಕಾಗುತ್ತದೆ. ಹಾಗಾಗಿ ಒಂದು ಮನೆಯ ಮದುವೆಯ ಆಲ್ಬಮ್ ಮಾಡಿಕೊಟ್ಟವನೇ ಕೆಲವು ವರ್ಷಗಳ ಅನಂತರ ಅದೇ ಮನೆಯ ಮಗ ಹೆದ್ದಾರಿಯಲ್ಲಿ ಸತ್ತು ಬಿದ್ದಾಗ ಕ್ಯಾಮೆರಾ ಹಿಡಿದು ಹೋಗಬೇಕಾಗಿ ಬರುವುದು ಅಪರೂಪವೇನಲ್ಲ. ಮಹಾನಗರದ ಛಾಯಾಗ್ರಾಹಕನಿಗಿಲ್ಲದ ಈ ಇಕ್ಕಟ್ಟೇ ಪ್ರಶ್ನೆಯನ್ನು ಹರಿತಗೊಳಿಸುತ್ತದೆ.

ವೇದಾಂತದಲ್ಲಿ ಸಾಕ್ಷಿ ಎಂದರೆ ಅಂತಃಕರಣದ, ಅಂದರೆ ಮನಸ್ಸು, ಬುದ್ಧಿ, ಅಹಂಕಾರ, ಚಿತ್ತಗಳ, ಎಲ್ಲ ಏರಿಳಿತಗಳನ್ನು ಬೆಳಗಿಸುತ್ತಲೇ ಅವುಗಳಿಂದ ತಾನು ಬದಲಾಗದೆ ಉಳಿಯುವ ಚೈತನ್ಯ. ಮುಂಡಕೋಪನಿಷತ್ತು ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ರೂಪಕವನ್ನು ಕೊಡುತ್ತದೆ. ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ಶೃಂಗೇರಿ ಪರಂಪರೆಯ ವಿದ್ಯಾರಣ್ಯರ ‘ಪಂಚದಶಿ’ಯಲ್ಲಿ ‘ನಾಟಕದೀಪ’ವೆಂಬ ಪ್ರಕರಣವೇ ಇದೆ: ನೃತ್ಯಶಾಲೆಯಲ್ಲಿ ಉರಿಯುವ ದೀಪವು ಒಡೆಯನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮನಾಗಿ ಬೆಳಗುತ್ತದೆ, ಅವರೆಲ್ಲ ಎದ್ದು ಹೋದ ಮೇಲೂ ಬರಿದಾದ ಶಾಲೆಯಲ್ಲಿ ಹಾಗೆಯೇ ಬೆಳಗುತ್ತಿರುತ್ತದೆ. ಈ ದೀಪವೇ ತಾನೆಂದು ಕ್ಯಾಮೆರಾ ಹಿಡಿದವನು ಭಾವಿಸುವುದು ಸುಲಭ. ಆದರೆ ದೀಪವು ಯಾರನ್ನೂ ಆರಿಸುವುದಿಲ್ಲ, ಯಾರನ್ನೂ ಚೌಕಟ್ಟಿನಿಂದ ಹೊರಗಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆಜ್ಜೆಯನ್ನು ಇನ್ನೊಮ್ಮೆ ಹಾಕಿ ತೋರಿಸೆಂದು ನರ್ತಕಿಯನ್ನು ಕೇಳುವುದಿಲ್ಲ. ಜಿಲ್ಲಾಧಿಕಾರಿಯವರು ಮನವಿ ಪತ್ರವನ್ನು ಎರಡೆರಡು ಬಾರಿ ಸ್ವೀಕರಿಸುವುದು, ಹಾಕಿದ ಹಾರವನ್ನು ತೆಗೆದು ಮತ್ತೆ ಹಾಕುವುದು, ಘೋಷಣೆ ನಿಲ್ಲಿಸಿದ್ದ ಧರಣಿನಿರತರು ಕ್ಯಾಮೆರಾ ಕಂಡೊಡನೆ ಮುಷ್ಟಿ ಎತ್ತುವುದು ಊರಿನ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಛಾಯಾಗ್ರಾಹಕನು ಘಟನೆಯನ್ನು ಕಾಣುವುದಷ್ಟೇ ಅಲ್ಲ, ಎಷ್ಟೋ ಸಲ ಅದನ್ನು ಜರುಗಿಸುತ್ತಾನೆ ಎಂದ ಮೇಲೆ ಅಕರ್ತೃತ್ವದ, ಅಂದರೆ ಕರ್ತೃವಲ್ಲದಿರುವಿಕೆಯ, ವಾದ ಅವನಿಗೆ ಸಲ್ಲದು. ಪರಮಾರ್ಥದ ನೆಲೆಯ ಪರಿಕಲ್ಪನೆಯೊಂದನ್ನು ವ್ಯವಹಾರದ ತಪ್ಪಿಗೆ ರಕ್ಷೆಯಾಗಿ ಕಟ್ಟಿಕೊಳ್ಳುವುದನ್ನು ಸ್ವತಃ ಅದ್ವೈತಿಗಳೂ ಒಪ್ಪಲಾರರು.

ಉಡುಪಿಯ ಮಧ್ವಾಚಾರ್ಯರ ದ್ವೈತ ವೇದಾಂತದಲ್ಲಿ ಸಾಕ್ಷಿಯ ಅರ್ಥವೇ ಬೇರೆ. ಅಲ್ಲಿ ಸಾಕ್ಷಿ ಎಂದರೆ ಜೀವನ ಸ್ವರೂಪೇಂದ್ರಿಯ, ಅಂದರೆ ಜೀವಕ್ಕಿಂತ ಬೇರೆಯಲ್ಲದ, ಅದರದೇ ಆದ ಅರಿವಿನ ಶಕ್ತಿ; ಸುಖದುಃಖಗಳನ್ನು ನೇರವಾಗಿ ಅನುಭವಿಸುವುದೂ ಅದೇ, ಕಣ್ಣು ಕಿವಿಗಳಿಂದ ಬಂದ ಜ್ಞಾನವು ಪ್ರಮಾಣವೋ ಅಲ್ಲವೋ ಎಂದು ಕೊನೆಗೆ ನಿರ್ಣಯಿಸುವುದೂ ಅದೇ. ಕಾಣುವುದು, ನೋಯುವುದು, ತೀರ್ಮಾನಿಸುವುದು ಇವು ಮೂರನ್ನೂ ಒಂದೇ ಕಡೆ ಇರಿಸುವ ಈ ಸಿದ್ಧಾಂತವು ಛಾಯಾಗ್ರಾಹಕನ ಸ್ಥಿತಿಗೆ ಹೆಚ್ಚು ಹತ್ತಿರವಾಗಿದೆಯಾದರೂ, ಇದು ಅವನ ಅರಿವನ್ನು ವಿವರಿಸುತ್ತದೆಯೇ ಹೊರತು ಅವನು ಇತರರಿಗೆ ಸಲ್ಲಿಸಬೇಕಾದುದನ್ನು ಹೇಳುವುದಿಲ್ಲ.

ಅದನ್ನು ಹೇಳುವುದು ಧರ್ಮಶಾಸ್ತ್ರ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು, ಅಂದರೆ ನ್ಯಾಯವಿಚಾರಣೆಯ ಭಾಗವು, ಸಾಕ್ಷಿಗಳ ಬಗ್ಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ, ಎಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಈ ಸ್ಮೃತಿಯ ಪ್ರಕಾರ ವಿಷಯ ಗೊತ್ತಿದ್ದೂ ಸಾಕ್ಷ್ಯ ನುಡಿಯದವನು ಕೂಟಸಾಕ್ಷಿಗೆ, ಅಂದರೆ ಸುಳ್ಳು ಸಾಕ್ಷಿ ಹೇಳುವವನಿಗೆ, ಪಾಪದಲ್ಲಿಯೂ ದಂಡದಲ್ಲಿಯೂ ಸಮ. ಕಂಡದ್ದೇ ಒಂದು ಋಣವಾಗುತ್ತದೆ ಎಂಬ ಈ ನಿಲುವಿನ ಪ್ರಕಾರ, ಗಣ್ಯರೊಬ್ಬರ ಮುಖ ನೋಡಿ ಲಾಠಿ ಏಟಿನ ಚಿತ್ರವನ್ನು ಕಚೇರಿಗೆ ಕಳಿಸದೆ ಉಳಿಸಿಕೊಂಡವನು ತಟಸ್ಥನಲ್ಲ, ಅಪರಾಧಿ. ಇದೇ ಗ್ರಂಥಗಳು ಸಾಕ್ಷಿಯ ಯೋಗ್ಯತೆಯನ್ನು ಜಾತಿ, ಲಿಂಗ, ಕಸುಬುಗಳ ಲೆಕ್ಕದಲ್ಲಿ ತೂಗಿ ಬಹುಜನರನ್ನು ಹೊರಗಿಟ್ಟವು ಎಂಬುದನ್ನು ಮರೆಯಬಾರದು. ಮರೆಯದೆ ಇಂದಿನ ಜಿಲ್ಲಾ ಪುಟಗಳನ್ನು ತೆರೆದರೆ, ಸನ್ಮಾನದ ಚಿತ್ರದ ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಇದ್ದು, ಒಳಚರಂಡಿಗೆ ಇಳಿದ ಪೌರಕಾರ್ಮಿಕನ ಚಿತ್ರದಲ್ಲಿ ಅವನ ಹೆಸರು ಮಾತ್ರ ಇಲ್ಲದಿರುವುದೂ ಕಣ್ಣಿಗೆ ಬೀಳುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಂಥವರು ಹೆಸರಿಲ್ಲದ ಸಾಮಾನ್ಯರ ಬದುಕನ್ನೇ ತಮ್ಮ ಛಾಯಾಗ್ರಹಣದ ಮುಖ್ಯ ವಸ್ತುವಾಗಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ ಒಂದು ನೈತಿಕ ಆಯ್ಕೆಯಾಗಿಯೂ ಕಾಣುತ್ತದೆ.

ಕಂಡದ್ದನ್ನು ಹೇಳಲೇಬೇಕು ಎಂಬ ವಿಧಿಗೆ ಪರಂಪರೆಯೇ ಎತ್ತಿದ ಬಲವಾದ ಆಕ್ಷೇಪ ಮಹಾಭಾರತದ ಕರ್ಣಪರ್ವದಲ್ಲಿದೆ. ಎಂದೂ ಸುಳ್ಳಾಡೆನೆಂದು ವ್ರತ ತೊಟ್ಟ ಕೌಶಿಕನೆಂಬ ತಪಸ್ವಿ, ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದವರು ಯಾವ ದಾರಿ ಹಿಡಿದರೆಂದು ಅದೇ ದರೋಡೆಕೋರರು ಬಂದು ಕೇಳಿದಾಗ, ಕಂಡದ್ದನ್ನು ಕಂಡಂತೆಯೇ ಹೇಳುತ್ತಾನೆ. ಅಡಗಿದವರು ಹತರಾಗುತ್ತಾರೆ, ಕೌಶಿಕನಿಗೆ ನರಕವಾಗುತ್ತದೆ. ಅಣ್ಣನ ಮೇಲೆ ಖಡ್ಗ ಎತ್ತಿದ ಅರ್ಜುನನನ್ನು ತಡೆಯಲು ಕೃಷ್ಣ ಹೇಳುವ ಈ ಕತೆಯು ಪತ್ರಿಕಾ ಛಾಯಾಗ್ರಹಣದ ಪಠ್ಯಕ್ರಮದಲ್ಲಿ ಇರಬೇಕಾದಷ್ಟು ಪ್ರಸ್ತುತ. ಮನೆಯವರ ಭಯದಿಂದ ರಕ್ಷಣೆ ಕೋರಿ ಎಸ್‌ಪಿ ಕಚೇರಿಗೆ ಬಂದ ಅಂತರ್ಜಾತಿ ಜೋಡಿಯ ಚಿತ್ರವನ್ನು ಮರುದಿನದ ಪತ್ರಿಕೆ ಮುಖ ಕಾಣುವಂತೆ ಅಚ್ಚು ಹಾಕಿದರೆ, ಅದರಲ್ಲಿ ಸುಳ್ಳಿನ ಒಂದು ಚುಕ್ಕೆಯೂ ಇಲ್ಲ. ಆದರೆ ಅವರು ಯಾವ ಊರಿನಲ್ಲಿದ್ದಾರೆಂಬುದು ಹುಡುಕುತ್ತಿದ್ದವರಿಗೆ ತಲುಪಿದಂತಾಯಿತು. ಕಾನೂನು ಇಂಥ ಕೆಲವು ಸಂದರ್ಭಗಳನ್ನು ಮಾತ್ರ ಗುರುತಿಸಿದೆ: 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಗುರುತನ್ನೂ, ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅತ್ಯಾಚಾರ ಸಂತ್ರಸ್ತೆಯರ ಗುರುತನ್ನೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತವೆ. ಉಳಿದುದೆಲ್ಲ ಅಂದಂದಿನ ಸ್ಥಳದಲ್ಲಿ, ಕೆಲವೇ ಕ್ಷಣಗಳಲ್ಲಿ, ಒಬ್ಬನೇ ತೀರ್ಮಾನಿಸಬೇಕಾದದ್ದು.

ಇಲ್ಲಿಯವರೆಗಿನ ಚರ್ಚೆ ಚಿತ್ರದ ಪರಿಣಾಮವನ್ನು ಕುರಿತದ್ದು. ತೆಗೆಯುವವನ ಒಳಗೆ ನಡೆಯುವುದನ್ನು ಜೈನರಷ್ಟು ಸೂಕ್ಷ್ಮವಾಗಿ ವಿಂಗಡಿಸಿದವರು ಕಡಿಮೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದಕ್ಕೆ ಮನಸ್ಸಿನಲ್ಲಿ ಸಮ್ಮತಿಸಿದ್ದು ಅನುಮತ. ಮೂರರಿಂದಲೂ ಕರ್ಮದ ಆಸ್ರವ, ಅಂದರೆ ಆತ್ಮದೊಳಕ್ಕೆ ಕರ್ಮದ ಹರಿವು, ಉಂಟಾಗುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಈ ಮೂರನ್ನು ಮನಸ್ಸು, ಮಾತು, ದೇಹಗಳಿಂದಲೂ, ಸಂಕಲ್ಪ, ಸಿದ್ಧತೆ, ಆರಂಭವೆಂಬ ಮೂರು ಹಂತಗಳಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ, ಅಂದರೆ ಆತ್ಮವನ್ನು ಕಲುಷಿತಗೊಳಿಸುವ ವಿಕಾರಗಳಿಂದಲೂ, ಗುಣಿಸಿ 108 ಬಗೆಗಳನ್ನು ಎಣಿಸುತ್ತದೆ. ಅನುಮತವೂ ಕರ್ಮವೇ ಎಂಬುದು ಇಲ್ಲಿ ನಿರ್ಣಾಯಕ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ, 2018ರ ಫೆಬ್ರುವರಿಯಲ್ಲಿ ನಡೆದದ್ದನ್ನೇ ನೆನೆದರೂ ಸಾಕು, ಕಲಶವನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. 58 ಅಡಿಯ ಬಾಹುಬಲಿಯ ಮೇಲೆ ಹಾಲು, ಅರಿಶಿನ, ಚಂದನಗಳು ಇಳಿಯುವುದನ್ನು ಕೆಳಗೆ ನಿಂತು ನೋಡಿ ಹಿಗ್ಗುವವರಿಗೂ ಅನುಮೋದನೆಯ ಪುಣ್ಯವಿದೆ ಎಂಬುದು ಶ್ರದ್ಧೆ. ನೋಡಿ ಹಿಗ್ಗಿದ್ದಕ್ಕೆ ಪುಣ್ಯವಿರುವುದಾದರೆ ಇದೇ ತರ್ಕ ಅಪಘಾತದ ಸ್ಥಳದಲ್ಲಿ ನಿಂತವನ ವಿಷಯದಲ್ಲಿ ಏನು ಹೇಳುತ್ತದೆ? ನುಜ್ಜುಗುಜ್ಜಾದ ಬಸ್ಸಿನ ಪಕ್ಕ ಕುಸಿದು ಕುಳಿತ ಹೆಂಗಸಿನ ಮುಖದ ಮೇಲೆ ಸಂಜೆಯ ಬೆಳಕು ಬಿದ್ದಾಗ, ಒಳ್ಳೆಯ ಚಿತ್ರ ಸಿಕ್ಕಿತೆಂಬ ಹಿಗ್ಗು ಛಾಯಾಗ್ರಾಹಕನೊಳಗೆ ಮೂಡುತ್ತದೆ. ಮೂಡುವುದಿಲ್ಲವೆನ್ನುವವನು ಒಂದೋ ಹೊಸಬ, ಇಲ್ಲವೇ ಪ್ರಾಮಾಣಿಕನಲ್ಲ. ಹಿಂಸೆಯಲ್ಲಿ ಆನಂದಿಸುವ ಚಿತ್ತವೃತ್ತಿಯನ್ನು ಜೈನಶಾಸ್ತ್ರ ರೌದ್ರಧ್ಯಾನದಲ್ಲಿ ಸೇರಿಸುತ್ತದೆ. ಛಾಯಾಗ್ರಾಹಕನ ಹಿಗ್ಗು ರೂಪವನ್ನು ಕುರಿತದ್ದು, ಹಿಂಸೆಯನ್ನು ಕುರಿತದ್ದಲ್ಲ ಎಂಬ ಸಮಾಧಾನ ನಿಜವಿರಬಹುದು. ಆದರೆ ಆ ಎರಡು ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ಬೆಳೆಯುತ್ತವೆಂದರೆ, ಯಾವುದು ಪೈರು, ಯಾವುದು ಕಳೆ ಎಂದು ಹೊಲದ ಒಡೆಯನಿಗೇ ತಿಳಿಯದಂತಾಗುತ್ತದೆ.

ಆ ಹಿಗ್ಗಿಗೆ ಅಲಂಕಾರಶಾಸ್ತ್ರದಲ್ಲಿ ಗೌರವದ ಸ್ಥಾನವಿದೆಯಲ್ಲವೇ ಎಂದು ಕೇಳಬಹುದು. ಶೋಕವೆಂಬ ಭಾವವು ಕರುಣರಸವಾಗಿ ಆಸ್ವಾದ್ಯವಾಗುವುದು ಸಾಧಾರಣೀಕರಣದಿಂದ, ಅಂದರೆ ಇಂಥವನ, ಇಂಥ ಊರಿನ ಎಂಬ ವಿಶೇಷಗಳೆಲ್ಲ ಕಳಚಿ ದುಃಖವು ಎಲ್ಲರದೂ ಯಾರದೂ ಅಲ್ಲದ್ದೂ ಆಗುವುದರಿಂದ ಎಂದು ಭಟ್ಟನಾಯಕನೂ ಅಭಿನವಗುಪ್ತನೂ ವಿವರಿಸಿದರು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ದುರಂತದಲ್ಲಿ ಸತ್ತ ಮಗುವೊಂದನ್ನು ಹೂಳುತ್ತಿದ್ದಾಗ ರಘು ರಾಯ್ ಮತ್ತು ಪಾಬ್ಲೊ ಬಾರ್ಥೊಲೊಮ್ಯೂ ತೆಗೆದ ಚಿತ್ರಗಳು ಜಗತ್ತಿನೆಲ್ಲೆಡೆ ಆ ದುರಂತದ ಮುಖವಾದವು. ಹೂಳುತ್ತಿದ್ದ ಮಣ್ಣಿನ ನಡುವೆ ಕಣ್ಣು ತೆರೆದೇ ಇದ್ದ ಆ ಮಗು ಯಾರೆಂದು ನೋಡುವವರಿಗೆ ತಿಳಿಯದಿದ್ದುದೇ ಆ ಚಿತ್ರಗಳಿಗೆ ಅಷ್ಟು ವ್ಯಾಪ್ತಿಯನ್ನು ಕೊಟ್ಟಿತೆನ್ನಬಹುದು. ಸಣ್ಣ ಊರಿನ ಪತ್ರಿಕೆಯಲ್ಲಿ ಈ ಕಳಚುವಿಕೆ ನಡೆಯುವುದೇ ಇಲ್ಲ. ಸತ್ತವನು ಯಾರ ಮಗ, ಅವನಿಗೆ ಸಾಲ ಎಷ್ಟಿತ್ತು, ಪಕ್ಕದಲ್ಲಿ ಎದೆ ಬಡಿದುಕೊಳ್ಳುತ್ತಿರುವ ಹೆಂಗಸು ಯಾವ ಬೀದಿಯವಳು ಎಂಬುದೆಲ್ಲ ಓದುಗನಿಗೆ ಅಡಿಬರಹವನ್ನು ನೋಡುವ ಮೊದಲೇ ಗೊತ್ತು. ಹೀಗಾಗಿ ಚಿತ್ರವು ರಸದ ಹಂತಕ್ಕೆ ಏರದೆ ಭಾವದಲ್ಲೇ, ಕೆಲವೊಮ್ಮೆ ಭಾವಕ್ಕಿಂತಲೂ ಕೆಳಗೆ, ಚಹಾದಂಗಡಿಯ ಮಾತಿನಲ್ಲೇ ಉಳಿದುಬಿಡುತ್ತದೆ. ರಾಜಧಾನಿಯ ಪ್ರದರ್ಶನದಲ್ಲಿ ಕಲೆಯೆನಿಸಿಕೊಳ್ಳುವ ಚೌಕಟ್ಟು ತಾನು ಹುಟ್ಟಿದ ತಾಲ್ಲೂಕಿನಲ್ಲಿ ಒಂದು ಮನೆಯ ಮಾನದ ಪ್ರಶ್ನೆಯಾಗುವುದು ಈ ಕಾರಣದಿಂದ. ಸಣ್ಣ ಊರಿನ ಛಾಯಾಗ್ರಾಹಕನಿಗೆ ಕಲೆಯ ವಿನಾಯಿತಿಯೂ ದೊರೆಯುವುದಿಲ್ಲ.

ಹಾಗಾದರೆ ಕ್ಯಾಮೆರಾವನ್ನು ಕೆಳಗಿಳಿಸಿದವನು ಪೂರ್ತಿ ಪಾರಾದನೇ? ಯಾಜ್ಞವಲ್ಕ್ಯ ಸ್ಮೃತಿ ಇದಕ್ಕೂ ಸುಲಭದ ಉತ್ತರ ಕೊಡುವುದಿಲ್ಲ. ನಿಜ ನುಡಿದರೆ ಪ್ರಾಣಹಾನಿಯಾಗುವ ಸಂದರ್ಭದಲ್ಲಿ ಸಾಕ್ಷಿಯು ಸುಳ್ಳಾಡಬಹುದೆಂದು ಅನುಮತಿಸುವ ಶ್ಲೋಕವೇ, ಹಾಗೆ ಆಡಿದವನು ಪಾವನನಾಗಲು ವಾಗ್ದೇವತೆಯಾದ ಸರಸ್ವತಿಗೆ ಚರುವನ್ನು, ಅಂದರೆ ಬೇಯಿಸಿದ ಅನ್ನದ ಹವಿಸ್ಸನ್ನು, ಅರ್ಪಿಸಬೇಕೆಂದೂ ವಿಧಿಸುತ್ತದೆ. ಮಾಡಬೇಕಾದದ್ದನ್ನೇ ಮಾಡಿದರೂ ಸತ್ಯಕ್ಕೆ ಆದ ಗಾಯ ಹಾಗೆಯೇ ಉಳಿಯುತ್ತದೆ, ಅದಕ್ಕೆ ಬೇರೆಯದೇ ಶುಶ್ರೂಷೆ ಬೇಕು ಎಂಬ ಈ ತಿಳಿವಳಿಕೆ ಇಂದಿನ ಪತ್ರಿಕಾ ನೀತಿಸಂಹಿತೆಗಳಲ್ಲಿ ಕಾಣುವುದು ವಿರಳ. ಶೋಕದಲ್ಲಿರುವವರ ಖಾಸಗಿತನಕ್ಕೆ ಅಡ್ಡಿಯಾಗಬಾರದೆಂದು ಅವು ಹೇಳುತ್ತವೆ, ತಪ್ಪು ಹೆಸರು ಅಚ್ಚಾದರೆ ತಿದ್ದುಪಡಿ ಹಾಕಬೇಕೆಂದು ಹೇಳುತ್ತವೆ. ಆದರೆ ಒಂದು ಮನೆಯ ಮೇಲಿನ ಕನಿಕರದಿಂದ ಚಿತ್ರ ಪ್ರಕಟವಾಗದೆ, ಆ ಕಾರಣಕ್ಕೇ ಆ ತಿರುವಿನ ರಸ್ತೆ ದುರಸ್ತಿಯಾಗದೆ ಉಳಿದು, ಮುಂದಿನ ಮಳೆಗಾಲದಲ್ಲಿ ಅಲ್ಲೇ ಇನ್ನೊಂದು ಬೈಕು ಬಿದ್ದರೆ, ಆ ಲೆಕ್ಕವನ್ನು ಬರೆದುಕೊಳ್ಳಲು ಅವುಗಳಲ್ಲಿ ಜಾಗವಿಲ್ಲ. ಸ್ಮೃತಿಕಾರನಿಗೆ ಗೊತ್ತಿದ್ದ ಸಾಕ್ಷ್ಯವು ಸಭೆಯಲ್ಲಿ ಒಮ್ಮೆ ಆಡಿ ಮುಗಿಯುವ ಮಾತಾಗಿತ್ತು. ನೂರಾರು ಫೋನುಗಳಿಗೆ ಹರಿದು ಹೋದ ಚಿತ್ರವನ್ನು ಹಿಂದಕ್ಕೆ ಕರೆಯುವ ವಿಧಿ ಯಾವುದೂ ಇಲ್ಲ, ತೆಗೆಯದೆ ಬಿಟ್ಟ ಚಿತ್ರವನ್ನು ಎರಡನೆಯ ಸಲ ತೆಗೆಯಲೂ ಬರುವುದಿಲ್ಲ. ಅನುಮತಿ, ಪ್ರಾಯಶ್ಚಿತ್ತ ಎರಡನ್ನೂ ಒಂದೇ ಶ್ಲೋಕದಲ್ಲಿ ಕಟ್ಟಿಕೊಟ್ಟ ಆ ಗ್ರಂಥದಿಂದ ಪತ್ರಿಕಾ ವೃತ್ತಿಯು ಈವರೆಗೆ ಎತ್ತಿಕೊಂಡಿರುವುದು ಅದರ ಮೊದಲ ಅರ್ಧವನ್ನು ಮಾತ್ರ.