ಲವಂಗ ಹಾಕಿದರೆ ಮದ್ದೇ?

ಊರಿಗೆ ಹೋದಾಗ ಮುಂಬೈಯ ಲೋಕಲ್ ರೈಲು, ಮಳೆ, ಮನೆಬಾಡಿಗೆ ಎಲ್ಲದರ ಬಗ್ಗೆಯೂ ವಿಚಾರಿಸುತ್ತಾರೆ. ಖೀಮಡ್ ಬಗ್ಗೆ ಮಾತ್ರ ಯಾರೂ ಕೇಳಿಲ್ಲ. ಅಂಥದ್ದೊಂದು ಇದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು! ಗೊತ್ತಾದರೆ ಪುತ್ತೂರಿನ ನನ್ನ ಚಿಕ್ಕಮ್ಮಂದಿರು ಕೇಳುವುದು ಒಂದೇ ಪ್ರಶ್ನೆ: "ನೀನೂ ಕುಡೀತೀಯಾ?" ಇಲ್ಲ. ಆ ಉತ್ತರ ಸುಲಭ. ಅದರ ಆಚೆಗಿನವೇ ಕಷ್ಟದ ಪ್ರಶ್ನೆಗಳು.

ಖೀಮಡ್ ಎಂದರೆ ಮುಂಬೈಯ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳಲ್ಲಿ ಮದುವೆ, ನಾಮಕರಣಗಳಿಗೆ ತಯಾರಾಗುವ ಮಸಾಲೆ ಮದ್ಯ. ಹೆಸರು ಕೇಳಿ ಇವರು ಬಂಗಾಳದ ಕಡೆಯವರು ಅಂದುಕೊಳ್ಳಬೇಡಿ. ಮುಂಬೈ, ಸಾಲ್ಸೆಟ್, ವಸಾಯಿಗಳ ಹಳೆಯ ನಿವಾಸಿಗಳು ಇವರು. ಮನೆಮಾತು ಮರಾಠಿಯದೇ ಒಂದು ಬಗೆ. ಗೋವಾದಿಂದ, ನಮ್ಮ ಮಂಗಳೂರಿನಿಂದ ನೌಕರಿಗೆ ಬಂದ ಕ್ರೈಸ್ತರ ನಡುವೆ ತಾವು ಬೇರೆ, ಬ್ರಿಟಿಷ್ ಸರಕಾರಕ್ಕೆ ಮೊದಲಿನಿಂದ ಬೇಕಾದವರು ಎಂದು ತೋರಿಸಿಕೊಳ್ಳಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷ, ಈ ಹೆಸರಿನಲ್ಲಿ ಸಂಘ ಕಟ್ಟಿದರು. ಅಂದರೆ ಆ ಹೆಸರು ಹುಟ್ಟುವುದಕ್ಕೆ ನಮ್ಮವರೂ ಒಂದಿಷ್ಟು ಕಾರಣ!

ನಾವಿರುವುದು ಕಲೀನಾದ ಗಾವ್‌ಠಾಣ್ ಅಂಚಿನ ಕಟ್ಟಡದಲ್ಲಿ. ಗಾವ್‌ಠಾಣ್ ಎಂದರೆ, ಈ ಶಹರ ನುಂಗಿಯೂ ಅರಗಿಸಿಕೊಳ್ಳಲಾರದೆ ಬಿಟ್ಟ ಹಳೆಯ ಹಳ್ಳಿ: ಹಂಚಿನ ಮನೆ, ಓಣಿಯ ತಿರುವಿಗೊಂದು ಶಿಲುಬೆ, ಹತ್ತು ಹೆಜ್ಜೆಗೆ ಬಹುಮಹಡಿ ಕಟ್ಟಡ. ಅಲ್ಲಿನ ಆಂಟಿಯೊಬ್ಬರು ಖೀಮಡ್ ಮಾಡುವುದನ್ನು ನಾನು ನೋಡಿದ್ದೇನೆ. ಮೊದಲು ಸಕ್ಕರೆಯನ್ನು ಒಣ ಪಾತ್ರೆಯಲ್ಲಿ ಕಂದು ಬಣ್ಣ ಬರುವ ತನಕ ಕರಗಿಸಬೇಕು. ಒಂದು ಗಳಿಗೆ ಹೆಚ್ಚಾದರೆ ಕಹಿ. ಅದಕ್ಕೆ ನೀರು ಸುರಿದರೆ ಚುಂಯ್ ಅಂತ ಹೊಗೆಯೆದ್ದು ಗಟ್ಟಿಯಾಗುತ್ತದೆ, ಕುದಿಯುತ್ತಾ ಮತ್ತೆ ಕರಗುತ್ತದೆ. ಆಮೇಲೆ ಚಕ್ಕೆ, ಲವಂಗ, ಏಲಕ್ಕಿ, ಒಂದಿಷ್ಟು ಕರಿಮೆಣಸು, ಚಹಾ ಸೊಪ್ಪು, ಹಿತ್ತಿಲಿನ ನಿಂಬೆಹುಲ್ಲು. ಸೋಸಿ, ಒಲೆ ಆರಿಸಿದ ಮೇಲೆಯೇ ಸಾರಾಯಿ ಸೇರಿಸುವುದು. ಕುದಿಸಿದರೆ ಮದ್ಯಸಾರ ಆವಿಯಾಗಿ ಹೋಗುತ್ತದೆ. ಬೆಚ್ಚಗಿರುವಾಗ ಸಣ್ಣ ಸಣ್ಣ ಗ್ಲಾಸುಗಳಲ್ಲಿ ಹಂಚುತ್ತಾರೆ. ಹಿಂದೆ ಊರಿನ ಭಟ್ಟಿಯದನ್ನೇ ಹಾಕುತ್ತಿದ್ದರಂತೆ. ಈಗ ಆಂಟಿ ಲೈಸೆನ್ಸಿನ ಅಂಗಡಿಯಿಂದ ತರಿಸುತ್ತಾರೆ. ಅದೇ ಕಪಾಟಿನಲ್ಲಿ ಕ್ರಿಸ್ಮಸ್ ಕೇಕಿಗೆಂದು ರಮ್ಮಿನಲ್ಲಿ ನೆನೆಹಾಕಿದ ಗೇರುಬೀಜ, ಒಣದ್ರಾಕ್ಷಿಗಳ ಭರಣಿ. "ಇದನ್ನು ತಿಂದರೆ ಕುಡಿದ ಹಾಗೆ ಆಗೋದಿಲ್ಲ" ಎಂದು ನನಗೆ ಧೈರ್ಯ ಹೇಳಿದ್ದರು. ಗೇರುಬೀಜ ಏನೂ ಹೇಳಲಿಲ್ಲ.

ನಗಬೇಡಿ, ನಮ್ಮ ಲೆಕ್ಕವೂ ಹಾಗೆಯೇ. ನಾನು ಬಾಣಂತಿಯಾಗಿದ್ದಾಗ ಅಮ್ಮ ಎರಡು ಹೊತ್ತು ದಶಮೂಲಾರಿಷ್ಟ ಕುಡಿಸಿದರು. ಅದರ ಬಾಟಲಿಯನ್ನು ಓದಿ ನೋಡಿ: ಹುಳಿಯುವಾಗ ತಾನಾಗಿ ಹುಟ್ಟಿದ ಮದ್ಯಸಾರ, ಶೇಕಡಾ 5ರಿಂದ 10. ಬಿಯರಿಗಿಂತ ಕಡಿಮೆಯೇನಲ್ಲ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳು ಹರಕೆ ಹೇಳುವ ಜನ ನಾವು. ಅದನ್ನು ತಂದವರು ಯಾರು, ಉಳಿದದ್ದು ಏನಾಯಿತು ಅಂತ ಮಾತ್ರ ಯಾರೂ ಕೇಳಬಾರದು.

ಕಾನೂನಿನ ಕಥೆಯೂ ಬೇರೆಯಲ್ಲ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇಂದಿಗೂ ಉಳಿದಿದೆ. ಬೀದಿಬೀದಿಗೆ ಬಾರ್ ಇದ್ದರೂ ಕಾಗದದ ಪ್ರಕಾರ ಕುಡಿಯುವವನ ಕೈಯಲ್ಲಿ ಪರ್ಮಿಟ್ ಇರಬೇಕು. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಅಪರಾಧವೇ. 1951ರಲ್ಲಿ ಬಲ್ಸಾರಾ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು, ಆದರೆ ಮದ್ಯಸಾರವಿರುವ ಔಷಧಿಗಳನ್ನು ಅದರ ಹಿಡಿತದಿಂದ ಬಿಡಿಸಿತು. ತಪ್ಪು ಅನ್ನಲಾರೆ. ಆದರೆ ಮದ್ಯಕ್ಕೂ ಮದ್ದಿಗೂ ನಡುವಿನ ಗೆರೆಯನ್ನು ನಾವು ಎಳೆದದ್ದು ಎಲ್ಲಿ? ದ್ರವದೊಳಗೋ, ಕುಡಿಯುವವರ ಮೈಮೇಲೋ?

ಇದನ್ನು ಕೇಳಿಸಿದವಳು ನಮ್ಮ ಮನೆಗೂ ಆಂಟಿಯ ಮನೆಗೂ ಪಾತ್ರೆ ತೊಳೆಯಲು ಬರುವ ಹೆಂಗಸು. ಯಾದಗಿರಿ ಕಡೆಯವಳು. ಗಂಡ ಬೆಳಿಗ್ಗೆ ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವವನು. ಸಿಕ್ಕ ದಿನ ಕುಡಿತ, ಸಿಗದ ದಿನ ಅವಳ ಸಂಬಳಕ್ಕೆ ಕೈ. ಆಂಟಿಯ ಮಗಳ ಮದುವೆಯ ಮುನ್ನಾದಿನ ದೊಡ್ಡ ದೊಡ್ಡ ಪಾತ್ರೆಗಳನ್ನು ತಿಕ್ಕಿದವಳು ಅವಳೇ. ಓಣಿಯ ಪ್ರತಿ ಮನೆಗೂ ಒಂದು ಬಾಟಲಿ ಖೀಮಡ್ ಹೋಯಿತು. ಆಂಟಿ ಅವಳ ಕೈಗೂ ಒಂದು ಕೊಟ್ಟರು. ಅವಳು ಅದನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದಳು: "ಅಕ್ಕೋರ, ಅಂವ ಲವಂಗ ನೋಡಂಗಿಲ್ರಿ. ನಿಮಗ ಇದು ದವಾ. ನಮ್ ಮನ್ಯಾಗ ದಾರೂ."

ಆಮೇಲೆ ನಮ್ಮ ಕಟ್ಟಡದಲ್ಲಿ ಇದೇ ಚರ್ಚೆ. ಅವಳಿಗೆ ಯಾಕೆ ಕೊಡಬೇಕಿತ್ತು, ಗಂಡನ ಸಂಗತಿ ಗೊತ್ತಿಲ್ಲವೇ ಎಂದರು ಕೆಲವರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಎಲ್ಲರಿಗೂ ಕೊಟ್ಟು ಅವಳನ್ನು ಬಿಟ್ಟಿದ್ದರೆ, ನಿನ್ನ ಮನೆಗೆ ಏನು ಬರಬೇಕೆಂದು ನಾವು ನಿರ್ಧರಿಸಿದ್ದೇವೆ ಎಂದ ಹಾಗೆ. ಬಡವರ ಒಳಿತಿನ ಹೆಸರಿನಲ್ಲಿ ನಡೆಯುವ ಸಣ್ಣ ಸಣ್ಣ ಅವಮಾನಗಳಿಗೆ ಈ ಶಹರದಲ್ಲಿ ಲೆಕ್ಕವಿಲ್ಲ. ಕೊಟ್ಟದ್ದೂ ಸರಿ, ಬೇಡವೆಂದದ್ದೂ ಸರಿ. ಬೇಡ ಅನ್ನುವ ಹಕ್ಕು ಸಿಗುವುದು ಕೊಟ್ಟ ಮೇಲೆಯೇ ಅಲ್ಲವೇ?

ಆದರೂ ಅವಳ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಮನೆಯಲ್ಲಿ ಮಾಡಿದ್ದು, ಕೈ ಗೊತ್ತಿರುವವರು ಮಾಡಿದ್ದು, ಆದ್ದರಿಂದ ಕೇಡಿಲ್ಲ ಎಂಬುದು ನಮ್ಮ ಸಮಾಧಾನ. ಪಾನನಿರೋಧ ಬಿಗಿಯಾಗಿದ್ದ ದಿನಗಳಲ್ಲಿ ಇದೇ ಮುಂಬೈಯ ಎಷ್ಟೋ ಮನೆಗಳ ಮುಂಗೋಣೆಯಲ್ಲಿ 'ಆಂಟಿ'ಯರು ಕದ್ದು ಸಾರಾಯಿ ಮಾರುತ್ತಿದ್ದರು. ಗಿರಾಕಿಗೆ ಅವರ ಮುಖವೂ ಗೊತ್ತಿತ್ತು. 2015ರ ಜೂನ್‌ನಲ್ಲಿ ಮಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ತಮ್ಮದೇ ಬಸ್ತಿಯಲ್ಲಿ ಸಿಗುತ್ತಿದ್ದದ್ದನ್ನು ಕುಡಿದು. ಅದರಲ್ಲಿದ್ದದ್ದು ಮೆಥನಾಲ್, ಕಾರ್ಖಾನೆಗಳಲ್ಲಿ ಬಳಸುವ ವಸ್ತು. ಹೊಟ್ಟೆಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ರುಚಿಯಿಂದಾಗಲೀ ವಾಸನೆಯಿಂದಾಗಲೀ ಗುರುತಿಸಲಾಗುವುದಿಲ್ಲ. ಯಾವ ಲವಂಗವೂ ಅದನ್ನು ತಡೆಯದು, ಮುಚ್ಚಿಡಲು ಮಾತ್ರ ನೆರವಾದೀತು. 2004ರಲ್ಲಿ ವಿಕ್ರೋಳಿ, ಅದಕ್ಕೂ ಮೊದಲು 1981ರಲ್ಲಿ ನಮ್ಮ ಬೆಂಗಳೂರು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನ. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು, ಅಗ್ಗದ್ದನ್ನು ಕೊಂಡವರು. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿತು. ನಿಂತದ್ದು ಬಡವನ ಪಾಕೀಟು, ಉಳಿದವರ ಬಾಟಲಿಗಳಿಗೆ ಏನೂ ಆಗಲಿಲ್ಲ. ಆ ಪಾಕೀಟಿನಿಂದ ಮನೆ ಮುಳುಗಿಸಿಕೊಂಡ ಹೆಂಗಸರೇ ನಿಷೇಧ ಬೇಕು ಎಂದು ಬೀದಿಗಿಳಿದಿದ್ದರು ಎಂಬುದನ್ನೂ ಮರೆಯುವ ಹಾಗಿಲ್ಲ.

ಹಾಗಾದರೆ ಆಂಟಿಯ ಗ್ಲಾಸಿಗೂ ಮಾಲವಣಿಯ ಥೈಲಿಗೂ ವ್ಯತ್ಯಾಸವೇ ಇಲ್ಲವೇ? ಇದೆ. ನೀವು ಎರಡನೇ ಗ್ಲಾಸು ಕೇಳಿದರೆ ಆಂಟಿಗೆ ಲಾಭವಿಲ್ಲ, ಮಾರುವವನಿಗಿದೆ. ನನಗೆ ತೋಚಿದ ಗಟ್ಟಿಯಾದ ವ್ಯತ್ಯಾಸ ಇದೊಂದೇ. ಸಣ್ಣ ಗ್ಲಾಸಿನಲ್ಲಿ ನಿಲ್ಲಿಸುವುದು ನಮ್ಮ ಸಂಸ್ಕಾರ ಎಂದು ನಮ್ಮವರು ಬೀಗುವುದುಂಟು. ನಾಳೆಯ ಊಟ, ನಾಡಿದ್ದಿನ ಬಾಡಿಗೆ ಖಾತ್ರಿ ಇರುವವರಿಗೆ ನಿಲ್ಲಿಸುವುದು ಅಷ್ಟೇನೂ ಕಷ್ಟವಲ್ಲ. ಅನುಕೂಲಸ್ಥರಲ್ಲೂ ನಿಲ್ಲಿಸಲಾರದವರಿದ್ದಾರೆ, ಅವರ ಸುದ್ದಿ ಪಾತ್ರೆ ತೊಳೆಯುವವಳ ಬಾಯಿಗೆ ಬರುವುದಿಲ್ಲ ಅಷ್ಟೆ. ಬರುತ್ತದೇನೋ, ನಮಗೆ ಕೇಳುವುದಿಲ್ಲ.

ಮದುವೆಯ ಮರುದಿನ ಆಂಟಿಯ ಅಡುಗೆಮನೆಯಲ್ಲಿ ಸಾರಾಯಿ ಸೇರಿಸದ ಮಸಾಲೆ ನೀರು ಒಂದು ಪಾತ್ರೆ ಉಳಿದಿತ್ತು. ಅದನ್ನು ಬಿಸಿ ಮಾಡಿ ಅವಳಿಗೊಂದು ಲೋಟ ಕೊಟ್ಟು ತಾವೂ ಕುಡಿದರು. ಅವಳು ಮೆಟ್ಟಿಲ ಮೇಲೆ ಕೂತು ಕುಡಿದಳು, ಉಳಿದದ್ದನ್ನು ಮಕ್ಕಳಿಗೆಂದು ನೀರಿನ ಬಾಟಲಿಗೆ ತುಂಬಿಕೊಂಡಳು. "ಇಷ್ಟಕ್ಕ ಇನ್ನೊಂಚೂರು ಹಾಲು ಹಾಕಿದ್ರ ಛಲೋ ಚಾ ಆಗ್ತಿತ್ತ್ರಿ" ಅಂದಳು. ನಾನು ಮರಾಠಿಯಲ್ಲಿ ತಿಳಿಸಿದೆ. ಆಂಟಿಗೆ ಅದು ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ.